ಹಿತ್ತಲಿಗೆ ಯಾವ ಅವರೆ? ನಾನು ಕಿತ್ತು ಹಾಕಿದ ಬಳ್ಳಿಯ ಇತಿಹಾಸ

ಇವತ್ತಿನ ಎಪಿಸೋಡ್‌ನಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಒಂದು ಕಾಳಿದೆ. ಅವರೆಕಾಳು. ಜೊತೆಗೆ ನಾನು ಮಾಡಿದ ಒಂದು ದೊಡ್ಡ ತಪ್ಪಿದೆ. ಆ ತಪ್ಪಿನಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಅದನ್ನ ಅರ್ಥ ಮಾಡ್ಕೊಳ್ಳೋಕೆ ಹೋಗಿಯೇ ನಾನು ಈ ಇತಿಹಾಸ ಓದಿದ್ದು.

ನಮ್ಮೂರು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಹೇಮಗಿರಿ ಹತ್ತಿರ. ಹೇಮಾವತಿ ನದಿ, ಅದಕ್ಕೆ ಕಟ್ಟಿದ ಹಳೇ ಅಣೆಕಟ್ಟು, ಪಕ್ಕದಲ್ಲಿ ಬೆಟ್ಟ, ಕಲ್ಯಾಣ ವೆಂಕಟರಮಣ ಸ್ವಾಮಿ ದೇವಸ್ಥಾನ. ರಥಸಪ್ತಮಿ ಸುಮಾರಿಗೆ ಜಾತ್ರೆ, ದನಗಳ ಪರಿಷೆ. ಜಾತ್ರೆಗೆ ಬಂದ ನೆಂಟರಿಗೆ ಮುದ್ದೆ, ಅವರೆಕಾಳು ಸಾರು. ನನಗೆ ಜನವರಿ ಅಂದ್ರೆ ಇವತ್ತಿಗೂ ಅದೇ ವಾಸನೆ.

2020ರಲ್ಲಿ ನಾನು ಬಿ.ಕಾಂ. ಮುಗಿಸಿ ಬೆಂಗಳೂರಲ್ಲಿ ಅಕೌಂಟ್ಸ್ ಕೆಲಸ ಮಾಡ್ತಿದ್ದೆ. ಲಾಕ್‌ಡೌನ್ ಬಂತು, ಊರಿಗೆ ಬಂದೆ. ಅಜ್ಜಿ ಅಷ್ಟೊತ್ತಿಗೆ ಮೈಸೂರಲ್ಲಿ ಚಿಕ್ಕಮ್ಮನ ಮನೇಲಿ ಸಿಕ್ಕಾಕೊಂಡಿದ್ರು. ಮನೆಯ ಹಿತ್ತಲು ಮೂರು ಗುಂಟೆ, ಖಾಲಿ ಬಿದ್ದಿತ್ತು. ಯೂಟ್ಯೂಬ್ ನೋಡಿ ನಾನೂ ರೈತ ಆಗೋಣ ಅಂತ ಹೊರಟೆ. ಅಟ್ಟದ ಮೇಲೆ ಒಂದು ಡಬ್ಬದಲ್ಲಿ ಬೂದಿ ಬೆರೆಸಿಟ್ಟ ಅವರೆ ಬೀಜ ಇತ್ತು, ಎರಡು ಪಾವಿನ ಮೇಲೆ. ಏಪ್ರಿಲ್‌ನಲ್ಲಿ ಒಂದು ಮಳೆ ಬಿತ್ತು. ಅರ್ಧಕ್ಕಿಂತ ಹೆಚ್ಚು ಬಿತ್ತಿದೆ. ಉಳಿದದ್ದನ್ನ ನೆನೆಹಾಕಿ ಸಾರು ಮಾಡ್ಕೊಂಡು ತಿಂದ್ವಿ.

ಗಿಡ ಏನು ಚೆನ್ನಾಗಿ ಬಂತು ಅಂತೀರಾ! ಮೇನಲ್ಲಿ ಮೊಣಕಾಲುದ್ದ. ಜೂನಲ್ಲಿ ಬೇಲಿ ಹತ್ತಿತು. ಜುಲೈನಲ್ಲಿ ತೆಂಗಿನ ಬುಡ, ಬಚ್ಚಲ ಗೋಡೆ ಎಲ್ಲ ಹಸಿರೋ ಹಸಿರು. ಆದ್ರೆ ಒಂದೇ ಒಂದು ಹೂವಿಲ್ಲ. ನಾನು ಲೆಕ್ಕ ಓದಿದೋನು. ನೂರು ದಿನಕ್ಕೂ ಮೇಲೆ ನೀರು ಹಾಕಿದ್ದೀನಿ, ರಿಟರ್ನ್ ಸೊನ್ನೆ. ಬೀಜ ಕೆಟ್ಟಿದೆ ಅಂತ ತೀರ್ಮಾನ ಮಾಡಿ, ಜುಲೈ ಕೊನೇಲಿ ಎಲ್ಲ ಕಿತ್ತು ಹಸುಗೆ ಹಾಕಿದೆ. ಪೇಟೆಗೆ ಹೋಗಿ ‘ಹೆಬ್ಬಾಳ ಅವರೆ’ ಅಂತ ಬರೆದಿದ್ದ ಪ್ಯಾಕೆಟ್ ತಂದು ಬಿತ್ತಿದೆ. ಗಿಡ್ಡ ಗಿಡ, ಬಳ್ಳಿ ಹಬ್ಬಲಿಲ್ಲ. ಒಂದೂವರೆ ತಿಂಗಳಿಗೆ ಹೂವು. ದಸರಾ ಹೊತ್ತಿಗೆ ಗೊಂಚಲು ಗೊಂಚಲು ಕಾಯಿ. ನಾನು ಗೆದ್ದೆ ಅಂದ್ಕೊಂಡೆ.

ದಸರಾಕ್ಕೆ ಅಜ್ಜಿ ವಾಪಸ್ ಬಂದ್ರು. ಸೀದಾ ಹಿತ್ತಲಿಗೆ ಹೋದ್ರು. ಒಂದು ಕಾಯಿ ಕಿತ್ತು ಬೆರಳಲ್ಲಿ ಉಜ್ಜಿ ಮೂಸಿದ್ರು.

“ಕಾಯೇನೋ ಚೆನ್ನಾಗೈತೆ ಕಣ್ ಮಗ. ಸೊಗ್ಡೆಲ್ಲಿ?”

ಆಮೇಲೆ ಸುತ್ತ ನೋಡಿ ಕೇಳಿದ್ರು. “ಅಟ್ಟದ್ ಮೇಲಿದ್ದ ನಮ್ಮವ್ರೆ ಏನಾಯ್ತು?”

ನಾನು ಹೇಳಿದೆ. ಬಿತ್ತಿದೆ, ಹೂವೇ ಬಿಡಲಿಲ್ಲ, ಜುಲೈನಲ್ಲಿ ಕಿತ್ತೆ. ಅಜ್ಜಿ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. “ಅದು ಚಳಿಗೆ ಊವಾಗೋದು ಕನ ಮಗ. ಇನ್ನೊಂದೆಳ್ಡು ತಿಂಗ್ಳು ಬುಟ್ಟಿದ್ರೆ ಆಗೋದು” ಅಂದ್ರು. ಅಷ್ಟೇ.

ಇವತ್ತಿನ ಪ್ರಶ್ನೆ ಇದೇ. ಒಂದೇ ಕಾಳು, ಎರಡು ತಳಿ. ಒಂದು ಚಳಿಗಾಲದವರೆಗೂ ಕಾಯುತ್ತೆ, ಇನ್ನೊಂದು ಕಾಯಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು? ನಮ್ಮ ಹಿತ್ತಲಿಗೆ ಯಾವುದನ್ನ ಹಾಕಬೇಕು?

ಮೊದಲು ಒಂದು ಕಥೆಯನ್ನ ಪಕ್ಕಕ್ಕಿಡೋಣ. ಬೇಟೆಗೆ ಹೋಗಿ ದಾರಿ ತಪ್ಪಿದ ಹೊಯ್ಸಳ ರಾಜ ವೀರಬಲ್ಲಾಳನಿಗೆ ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು, ಅದೇ ಬೆಂಗಳೂರು. ಎಲ್ಲರೂ ಕೇಳಿರ್ತೀರಿ. ಚಂದದ ಕಥೆ. ಆದ್ರೆ ಬೇಗೂರಿನ ಶಾಸನದಲ್ಲಿ ‘ಬೆಂಗಳೂರು’ ಅನ್ನೋ ಹೆಸರು ಸುಮಾರು ಕ್ರಿ.ಶ. 890ರಲ್ಲೇ ಇದೆ, ಗಂಗರ ಕಾಲದಲ್ಲಿ. ವೀರಬಲ್ಲಾಳ ಹುಟ್ಟೋಕೆ ಇನ್ನೂ ಎರಡು ಶತಮಾನಕ್ಕಿಂತ ಹೆಚ್ಚು ಬಾಕಿ. ಹಾಗಾಗಿ ಆ ಕಾಳಿಂದ ಊರಿನ ಹೆಸರು ಬಂದಿಲ್ಲ. ಅವರೆಗೆ ದೊಡ್ಡಸ್ತಿಕೆ ಬರೋಕೆ ಆ ಕಥೆ ಬೇಕಾಗೂ ಇಲ್ಲ. ಅದರ ನಿಜವಾದ ವಯಸ್ಸು ಇನ್ನೂ ಜಾಸ್ತಿ.

ಬಳ್ಳಾರಿ ಹತ್ತಿರ ಸಂಗನಕಲ್ಲು ಅಂತ ಇದೆ. ನವಶಿಲಾಯುಗದ ಜನ ಬದುಕಿದ್ದ ಬೆಟ್ಟಗಳು. ಅಲ್ಲಿ ಅಗೆದ ಪುರಾತತ್ವಜ್ಞರಿಗೆ ಸುಟ್ಟು ಇದ್ದಿಲಾದ ಕಾಳುಗಳು ಸಿಕ್ಕವು. ಬಹುಪಾಲು ಹುರುಳಿ, ಹೆಸರು, ಸಣ್ಣ ಸಿರಿಧಾನ್ಯಗಳು. ನಂತರದ ಪದರಗಳಲ್ಲಿ ಅವರೆಯೂ ಇದೆ. ಅಂದ್ರೆ ಸುಮಾರು ಮೂರೂವರೆ ಸಾವಿರ ವರ್ಷದ ಹಿಂದಿನಿಂದಲೇ ಕರ್ನಾಟಕದ ನೆಲದಲ್ಲಿ ಅವರೆ ಇದೆ. ಇದರ ಕಾಡು ಸಂಬಂಧಿಗಳು ಹೆಚ್ಚಾಗಿರೋದು ಆಫ್ರಿಕಾದಲ್ಲಿ. ರಾಗಿಯೂ ಆಫ್ರಿಕಾ ಮೂಲದ್ದೇ. ನಮ್ಮ ಮುದ್ದೆಯೂ ಸಾರೂ ಎರಡೂ ವಲಸೆ ಬಂದು ಇಲ್ಲೇ ಉಳಿದವರು.

ಈಗ ಒಂದೇ ಸಲ 1800ಕ್ಕೆ ಬರೋಣ. ಟಿಪ್ಪು ಸತ್ತು ಒಂದು ವರ್ಷ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನು ಬೆಳೀತಾರೆ, ಹೇಗೆ ಬೆಳೀತಾರೆ ನೋಡ್ಕೊಂಡು ಬಾ ಅಂತ ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ಡಾಕ್ಟರನ್ನ ಕಳಿಸ್ತಾನೆ. ಹೆಸರು ಫ್ರಾನ್ಸಿಸ್ ಬುಕಾನನ್. ಶ್ರೀರಂಗಪಟ್ಟಣಕ್ಕೆ ಬಂದು, ಅಲ್ಲಿಂದ ಸುತ್ತಮುತ್ತ ತಿರುಗಿ, ಊರೂರಲ್ಲಿ ರೈತರನ್ನ ಕೂರಿಸ್ಕೊಂಡು ಕೇಳಿ ಬರೆದ. ಅವನ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಬಂತು. ಕಂಪನಿ ಸರ್ಕಾರಕ್ಕೆ ಬೇಕಿದ್ದದ್ದು ಆದಾಯದ ಲೆಕ್ಕ. ಆದ್ರೆ ಆ ಲೆಕ್ಕದ ಮಧ್ಯೆ ನಮ್ಮ ಹೊಲಗಳ ಚಿತ್ರ ಉಳ್ಕೊಂಡಿದೆ. ರಾಗಿ ಹೊಲದಲ್ಲಿ ಸಾಲುಗಳ ನಡುವೆ ಅವರೆ, ತೊಗರಿ ಬಿತ್ತೋ ಪದ್ಧತಿ ಅದರಲ್ಲಿದೆ. ನಾವು ಇವತ್ತಿಗೂ ಹೇಳೋ ‘ಅಕ್ಕಡಿ ಸಾಲು’ ಅದೇ.

ಈ ಅಕ್ಕಡಿ ಸಾಲನ್ನ ಸ್ವಲ್ಪ ನಿಧಾನವಾಗಿ ನೋಡಿ, ಯಾಕಂದ್ರೆ ನನ್ನ ತಪ್ಪಿಗೆ ಉತ್ತರ ಇಲ್ಲೇ ಇದೆ.

ಜೂನ್-ಜುಲೈಯಲ್ಲಿ ಮಳೆ ಬಂದಾಗ ರಾಗಿ ಬಿತ್ತೋದು. ಏಳೆಂಟು ಸಾಲು ರಾಗಿಗೆ ಒಂದು ಸಾಲು ಅವರೆ. ಎರಡೂ ಒಟ್ಟಿಗೆ ಹುಟ್ಟುತ್ತವೆ. ಆದ್ರೆ ಅವರೆ ಗಲಾಟೆ ಮಾಡಲ್ಲ. ರಾಗಿ ಎದ್ದು, ತೆನೆ ಬಿಟ್ಟು, ಕಟಾವಾಗೋವರೆಗೂ ಅದರ ಪಾಡಿಗೆ ಅದು ಎಲೆ ಬಿಡ್ತಾ ಇರುತ್ತೆ. ಅಕ್ಟೋಬರ್-ನವೆಂಬರ್‌ನಲ್ಲಿ ಹೂವು. ರಾಗಿ ಕುಯ್ದು ಹೊಲ ಖಾಲಿಯಾದಾಗ ಅವರೆಗೆ ಪೂರ್ತಿ ಬಿಸಿಲು, ಪೂರ್ತಿ ಜಾಗ. ಮಳೆ ನಿಂತಿರುತ್ತೆ. ನೆಲದಲ್ಲಿ ಉಳಿದ ತೇವ, ಮೇಲಿಂದ ಇಬ್ಬನಿ, ಅಷ್ಟರಲ್ಲೇ ಡಿಸೆಂಬರ್-ಜನವರಿಗೆ ಕಾಯಿ. ಸೊಪ್ಪು-ಸದೆ ದನಕ್ಕೆ, ಬೇರು ನೆಲಕ್ಕೆ ಸಾರಜನಕ. ಒಂದೇ ಹೊಲ, ಒಂದೇ ಉಳುಮೆ, ಎರಡು ಬೆಳೆ. ಒಂದು ಕೈಕೊಟ್ರೆ ಇನ್ನೊಂದು. ನನ್ನ ಬಿ.ಕಾಂ. ಭಾಷೇಲಿ ಹೇಳೋದಾದ್ರೆ ರಿಸ್ಕ್ ಹಂಚಿಕೆ.

ಅವರೆ ಕಾಯ್ತಿದ್ದದ್ದು ರಾಗಿಗಾಗಿ ಅಲ್ಲ, ನಿಜ. ಗಿಡಕ್ಕೆ ರಾಗಿ ಗೊತ್ತಿಲ್ಲ. ಅದು ಕಾಯ್ತಿದ್ದದ್ದು ರಾತ್ರಿ ಉದ್ದವಾಗೋದನ್ನ.

ಇದು ವಿಜ್ಞಾನಕ್ಕೆ ಗೊತ್ತಾಗಿದ್ದು ತಡವಾಗಿ. 1920ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಅನ್ನೋ ಇಬ್ಬರು ಒಂದು ಪ್ರಬಂಧ ಪ್ರಕಟಿಸಿದ್ರು. ಅವರ ಹತ್ತಿರ ಒಂದು ತಂಬಾಕಿನ ತಳಿ ಇತ್ತು. ಬೇಸಿಗೆಯಲ್ಲಿ ಆಳೆತ್ತರಕ್ಕೂ ಮೀರಿ ಬೆಳೀತಿತ್ತು, ಹೂವು ಮಾತ್ರ ಬಿಡ್ತಿರಲಿಲ್ಲ. ಥೇಟ್ ನನ್ನ ಹಿತ್ತಲಿನ ಕಥೆ. ಅವರು ಕಿತ್ತು ಹಾಕಲಿಲ್ಲ, ಯೋಚನೆ ಮಾಡಿದ್ರು. ಗಿಡಗಳನ್ನ ಪ್ರತಿದಿನ ಸಂಜೆ ಕತ್ತಲ ಕೋಣೆಗೆ ಸೇರಿಸಿ, ಹಗಲನ್ನ ಕೃತಕವಾಗಿ ಚಿಕ್ಕದು ಮಾಡಿದ್ರು. ಹೂವು ಬಂತು. ಎಷ್ಟೋ ಗಿಡಗಳು ಹಗಲು-ರಾತ್ರಿಯ ಉದ್ದ ಅಳೆದು ಹೂ ಬಿಡುತ್ತವೆ ಅನ್ನೋದು ಹಾಗೆ ಗೊತ್ತಾಯ್ತು. ಹಗಲು ಚಿಕ್ಕದಾದಾಗ ಹೂ ಬಿಡೋ ಗುಂಪಿಗೆ ನಮ್ಮ ನಾಟಿ ಅವರೆಯೂ ಸೇರುತ್ತೆ.

ನಮ್ಮ ಮಂಡ್ಯದ ಕಡೆ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರೋ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೇ. ನಮಗೆ ಅದು ಗೊತ್ತೇ ಆಗಲ್ಲ. ಅವರೆಗೆ ಗೊತ್ತಾಗುತ್ತೆ. ಏಪ್ರಿಲ್‌ನಲ್ಲಿ ಬಿತ್ತಿದರೂ ಜುಲೈನಲ್ಲಿ ಬಿತ್ತಿದರೂ ಅದು ಹೂ ಬಿಡೋ ಕಾಲ ಹೆಚ್ಚುಕಮ್ಮಿ ಒಂದೇ. ನಾನು ಮೂರು ತಿಂಗಳು ಮುಂಚೆ ಬಿತ್ತಿ, ಮೂರು ತಿಂಗಳ ಎಲೆ ಬೆಳೆದೆ. ಬೀಜ ಕೆಟ್ಟಿರಲಿಲ್ಲ. ನನಗೆ ಅದರ ಕ್ಯಾಲೆಂಡರ್ ಗೊತ್ತಿರಲಿಲ್ಲ.

ಸರಿ, ಹಾಗಾದ್ರೆ ಆ ಪ್ಯಾಕೆಟ್ ಬೀಜ? ಅದಕ್ಕೆ ಹೆಬ್ಬಾಳಕ್ಕೆ ಹೋಗಬೇಕು.

ಬೆಂಗಳೂರಿನ ಹೆಬ್ಬಾಳದಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ ಅವರು 1899ರಲ್ಲಿ 30 ಎಕರೆ ಭೂಮಿ ಕೊಟ್ಟು ಪ್ರಯೋಗದ ತೋಟ ಶುರುವಾಯ್ತು. ಆ ಜಾಗವೇ ಮುಂದೆ ಕೃಷಿ ಶಾಲೆಯಾಗಿ, 1946ರಲ್ಲಿ ಕಾಲೇಜಾಗಿ ಬೆಳೀತು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಯ್ತು. ಅಲ್ಲಿನ ತಳಿ ವಿಜ್ಞಾನಿಗಳು ಅವರೆಯನ್ನ ಕೈಗೆತ್ತಿಕೊಂಡಾಗ ಅವರ ಮುಂದಿದ್ದ ಸಮಸ್ಯೆ ಸಣ್ಣದಲ್ಲ.

ಯೋಚನೆ ಮಾಡಿ. ಎಲ್ಲರ ಹೊಲದಲ್ಲೂ ಅವರೆ ಒಂದೇ ಸಲ ಬರುತ್ತೆ. ಒಂದೇ ಸಲ ಮಾರ್ಕೆಟ್ಟಿಗೆ ಬಿದ್ದರೆ ರೇಟ್ ಬೀಳುತ್ತೆ. ಮಿಕ್ಕ ತಿಂಗಳೆಲ್ಲ ಕೇಳೋರಿದ್ದಾರೆ, ಕಾಯಿಲ್ಲ. ಬೆಳೆ ಆರು ತಿಂಗಳು ಜಾಗ ಹಿಡಿಯುತ್ತೆ. ಬಳ್ಳಿ ಹಬ್ಬೋದರಿಂದ ಒತ್ತಾಗಿ ಹಾಕೋಕಾಗಲ್ಲ. ಇಬ್ಬನಿ ಕಾಲ ಕೈಕೊಟ್ರೆ ವರ್ಷವೇ ಹೋಯ್ತು. ಸಣ್ಣ ರೈತನಿಗೆ ಇದು ದೊಡ್ಡ ನಷ್ಟ.

ಅವರು ಹುಡುಕಿದ್ದು ಹಗಲಿನ ಉದ್ದಕ್ಕೆ ಕಿವಿಗೊಡದ ಅವರೆ. ಹೆಬ್ಬಾಳ ಅವರೆ-1, ಅದಾದ ಮೇಲೆ ಹೆಬ್ಬಾಳ ಅವರೆ-3, ಮುಂದೆ ಹೆಬ್ಬಾಳ ಅವರೆ-4. ರೈತರ ಬಾಯಲ್ಲಿ ಎಚ್.ಎ.-3, ಎಚ್.ಎ.-4. ಗಿಡ್ಡ ಗಿಡ, ಎಲೆಯ ಮೇಲೆ ಎದ್ದು ನಿಲ್ಲೋ ಹೂಗೊಂಚಲು, ಬಿತ್ತಿದ ಸುಮಾರು 45 ದಿನಕ್ಕೆ ಹೂವು, ನೂರು ದಿನದ ಆಸುಪಾಸಿನಲ್ಲಿ ಬೆಳೆ ಮುಗೀತು. ಫೆಬ್ರವರಿಯಲ್ಲಿ ಹಾಕಿ, ಜೂನ್‌ನಲ್ಲಿ ಹಾಕಿ, ನೀರಿದ್ರೆ ಕಾಯಿ ಬರುತ್ತೆ. ಇವತ್ತು ಮೇ ತಿಂಗಳಲ್ಲಿ ಬೆಂಗಳೂರಿನ ತಳ್ಳುಗಾಡಿಯಲ್ಲಿ ನಿಮಗೆ ಅವರೆಕಾಯಿ ಸಿಗ್ತಿದೆ ಅಂದ್ರೆ ಅದು ಈ ಕೆಲಸದ ಫಲ. ಇದನ್ನ ನಾನು ಕಡಿಮೆ ಅಂತ ಹೇಳೋಕೆ ಬಂದಿಲ್ಲ.

ಆದ್ರೆ ಸೊಗಡು?

ಸೊಗಡು ಬರೀ ಭಾವನೆ ಅಲ್ಲ. ನಾಟಿ ಅವರೆಕಾಯಿ ಸುಲಿದ್ರೆ ಬೆರಳಿಗೆ ಎಣ್ಣೆ ಥರ ಜಿಡ್ಡು ಹತ್ತುತ್ತೆ ನೋಡಿ, ಸಿಪ್ಪೆಯ ಮೇಲೆ ಗಿಡವೇ ಒಸರೋ ಪಸೆ ಅದು. ರಸಾಯನ ವಿಜ್ಞಾನಿಗಳು 1970ರ ದಶಕದಲ್ಲೇ ಅದನ್ನ ಪರೀಕ್ಷಿಸಿ, ಅದರಲ್ಲಿ ಕೊಬ್ಬಿನಾಮ್ಲಗಳಿವೆ ಅಂತ ಗುರುತಿಸಿದ್ರು. ಎಲ್ಲ ತಳಿಗೂ ಅದು ಒಂದೇ ಸಮ ಇರಲ್ಲ. ಚಳಿ ಮತ್ತು ಇಬ್ಬನಿ ಬಿದ್ದಾಗ ಸೊಗಡು ಏರುತ್ತೆ ಅಂತ ಬೆಳೆಯೋರೆಲ್ಲ ಹೇಳ್ತಾರೆ. ಹಾಗಾಗಿ ಮೇ ತಿಂಗಳ ಹೆಬ್ಬಾಳ ಅವರೆಗೆ ಎರಡು ಕಡೆಯಿಂದ ಏಟು. ತಳಿಯೂ ಬೇರೆ, ಕಾಲವೂ ಬೇರೆ. ತಳಿ ಮಾಡಿದೋರು ಸೊಗಡನ್ನ ಬೇಕಂತ ಬಿಟ್ಟರು ಅಂತಲ್ಲ. ಅವರ ಮುಂದಿದ್ದ ಪ್ರಶ್ನೆ ‘ಯಾವಾಗ ಬರುತ್ತೆ, ಎಷ್ಟು ಬರುತ್ತೆ’ ಅನ್ನೋದು. ‘ಹೇಗೆ ಮೂಸುತ್ತೆ’ ಅನ್ನೋ ಪ್ರಶ್ನೆ ನಮ್ಮಜ್ಜಿಯದು. ಯಾವ ಪ್ರಶ್ನೆ ಕೇಳಿ ಬೀಜ ಆರಿಸ್ತೀರೋ ಅದಕ್ಕೆ ಮಾತ್ರ ಉತ್ತರ ಸಿಗುತ್ತೆ.

ಹೊಸ ತಳಿ ಬಂದ ಮಾತ್ರಕ್ಕೇ ನಮ್ಮ ಕಡೆ ಹಳೇ ಅವರೆ ಕಡಿಮೆಯಾಗಲಿಲ್ಲ. ನೀರೂ ಕಾರಣ. 1932ರ ಹೊತ್ತಿಗೆ ಕನ್ನಂಬಾಡಿ ಕಟ್ಟೆಯಿಂದ ಇರ್ವಿನ್ ನಾಲೆ, ಅಂದ್ರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯಕ್ಕೆ ಬಂತು. ಅದರ ಹಿಂದೆಯೇ ಸಕ್ಕರೆ ಕಾರ್ಖಾನೆ. 1979ರಲ್ಲಿ ಗೊರೂರಿನ ಹೇಮಾವತಿ ಜಲಾಶಯ ಆಯ್ತು. ನಾಲೆ ನೀರು ಹರಿದ ಕಡೆ ರಾಗಿ ಹೊಲ ಗದ್ದೆಯಾಯ್ತು, ಕಬ್ಬಿನ ತೋಟ ಆಯ್ತು. ನಮ್ಮನ್ನ ಓದಿಸಿದ್ದೇ ಕಬ್ಬು. ನಾನು ಅದನ್ನ ಹೇಗೆ ಬೈಯಲಿ? ಆದ್ರೆ ರಾಗಿ ಹೋದಲ್ಲಿ ಅಕ್ಕಡಿ ಸಾಲೂ ಹೋಯ್ತು. ಹೊಲದ ಅವರೆ ಬದುವಿಗೆ ಬಂತು, ಬದುವಿಂದ ಹಿತ್ತಲಿಗೆ, ಹಿತ್ತಲಿಂದ ಅಟ್ಟದ ಮೇಲಿನ ಒಂದು ಡಬ್ಬಕ್ಕೆ. ಆ ಡಬ್ಬ ನನ್ನ ಕೈಗೆ ಸಿಕ್ಕಿತು.

ಈಗ ಪ್ರಶ್ನೆಗೆ ಬರ್ತೀನಿ. ನಿಮಗೊಂದು ಹಿತ್ತಲಿದೆ, ಇಲ್ಲ ಟೆರೇಸ್ ಮೇಲೆ ನಾಲ್ಕು ಗ್ರೋ ಬ್ಯಾಗ್ ಇವೆ. ಯಾವ ಅವರೆ?

ಮೊದಲು, ಏನು ತಿನ್ನೋಕೆ ಅಂತ ತೀರ್ಮಾನಿಸಿ. ಸಿಪ್ಪೆ ಸಮೇತ ಪಲ್ಯ ಬೇಕಾದ್ರೆ ಅದು ಚಪ್ಪರದವರೆ. ಅದೂ ಇದೇ ಜಾತಿಯ ಗಿಡ, ಆದ್ರೆ ಕಾಯಿ ಅಗಲ, ಮೃದು, ಚಪ್ಪರ ಬೇಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಥರದ ಪೊದೆ ತಳಿಗಳಿಗೆ ಚಪ್ಪರವೂ ಬೇಡ. ಕಾಳು ಸುಲಿದು ಸಾರು, ಹಿಸುಕಿದ ಬೇಳೆ, ಉಪ್ಪಿಟ್ಟಿಗೆ ಬೇಕಾದ್ರೆ ಹೊಲದ ಅವರೆ.

ಆಮೇಲೆ ಕಾಲ ನೋಡಿ. ಫೆಬ್ರವರಿಯಿಂದ ಮೇವರೆಗೆ ಬಿತ್ತೋದಾದ್ರೆ ಹೆಬ್ಬಾಳ ಅವರೆಯೇ ಸರಿ. ಕುಂಡಕ್ಕೂ ಅದೇ ಸರಿ, ಗಿಡ್ಡ ಇರುತ್ತೆ. ನಾಟಿ ಬೀಜವನ್ನ ಆಗ ಹಾಕಬೇಡಿ. ನನ್ನ ಥರ ಎಲೆ ಬೆಳೀತೀರಿ. ನಾಟಿ ಬೀಜಕ್ಕೆ ಮಳೆಗಾಲ. ಹಿತ್ತಲಿಗಾದ್ರೆ ವರಮಹಾಲಕ್ಷ್ಮಿ ಹಬ್ಬದ ಆಸುಪಾಸಲ್ಲಿ ಹಾಕಿದ್ರೂ ನಡೆಯುತ್ತೆ. ಬಳ್ಳಿ ಅಷ್ಟು ಉದ್ದ ಹಬ್ಬಲ್ಲ, ಹೂವು ಮಾತ್ರ ತನ್ನ ಸಮಯಕ್ಕೇ ಬರುತ್ತೆ.

ಕೊನೆಗೆ, ಮಾರೋಕೋ ಮನೆಗೋ? ಮಾರೋಕೆ ಅಂದ್ರೆ ಅಕಾಲದಲ್ಲಿ ಬರೋ ಕಾಯಿಗೆ ಬೆಲೆ ಇದೆ. ಮನೆಗೆ ಅಂದ್ರೆ ಬೇರೆ ಲೆಕ್ಕ. ಅಂಗಡಿ ಬೀಜ ಮುಂದಿನ ವರ್ಷವೂ ಅಂಗಡಿಯಲ್ಲಿರುತ್ತೆ. ಮನೆ ಬೀಜ ಒಂದು ವರ್ಷ ಬಿತ್ತದೇ ಹೋದ್ರೆ ಹುಳ ಹೊಡೆಯುತ್ತೆ, ಎರಡು ಮೂರು ವರ್ಷಕ್ಕೆ ಮೊಳೆಯೋ ಶಕ್ತಿ ಕಳ್ಕೊಳ್ತಾ ಹೋಗುತ್ತೆ. ಅದನ್ನ ಎಷ್ಟು ದುಡ್ಡು ಕೊಟ್ರೂ ಯಾವ ಅಂಗಡೀಲೂ ತರೋಕಾಗಲ್ಲ.

ಇದು ನನಗೆ ದುಬಾರಿ ಪಾಠ. ಅಜ್ಜಿ ಆ ವರ್ಷ ಫೋನ್ ಹಿಡ್ಕೊಂಡು ಕೂತ್ರು. ಹಿಂದೆ ಯಾರ್ಯಾರಿಗೆ ಬೀಜ ಕೊಟ್ಟಿದ್ರೋ ಅವರಿಗೆಲ್ಲ. ಬಹಳ ಜನ ಬಿತ್ತೋದನ್ನೇ ಬಿಟ್ಟಿದ್ರು. ಕೊನೆಗೆ ನಾಗಮಂಗಲದ ಕಡೆ ಕೊಟ್ಟಿರೋ ನನ್ನ ಸೋದರತ್ತೆ ಮನೇಲಿ ಸಿಕ್ಕಿತು. ಅವರದು ಇನ್ನೂ ಮಳೆ ನಂಬಿದ ಹೊಲ, ರಾಗಿ ಜೊತೆ ಅವರೆ ಬಿತ್ತುತ್ತಾರೆ. ಅತ್ತೆ ಸೀರೆ ಸೆರಗಿನ ತುಂಡಲ್ಲಿ ಒಂದು ಪಾವು ಕಟ್ಟಿ ಕೊಟ್ರು. ದುಡ್ಡು ಕೊಡೋಕೆ ಹೋದೆ. “ಬಿತ್ತನೆಗೆ ಕಾಸು ಇಸ್ಕೊಂಡ್ರೆ ಬೆಳೆ ಆದದೇನ್ಲಾ” ಅಂತ ಬೈದ್ರು.

ಮುಂದಿನ ವರ್ಷ ಆಗಸ್ಟ್‌ನಲ್ಲಿ ಬಿತ್ತಿದ್ವಿ. ನವೆಂಬರ್‌ನಲ್ಲಿ ಹೂವು. ಜನವರಿಯಲ್ಲಿ, ಜಾತ್ರೆಗೆ ಮುಂಚೆ, ಅಜ್ಜಿ ಮತ್ತೆ ಒಂದು ಕಾಯಿ ಉಜ್ಜಿ ಮೂಸಿದ್ರು. ಸುಮಾರು ಹೊತ್ತು ಏನೂ ಹೇಳಲಿಲ್ಲ. ನಾನು ಕೇಳಿದೆ, “ನಮ್ದೇನಾ ಅಜ್ಜಿ?”

“ನಮ್ದರಂಗೇ ಅದೆ ಕನ ಮಗ. ನಮ್ದಲ್ಲ. ನಮ್ದಕ್ಕೆ ಕಣ್ಣು ಇನ್ನೊಸಿ ಕಪ್ಪಗಿತ್ತು.”

ಅಂದ್ರೆ ಅಜ್ಜಿ ಕೊಟ್ಟ ಬೀಜ ಇಷ್ಟು ವರ್ಷದಲ್ಲಿ ಅತ್ತೆಯ ಹೊಲದ ಬೀಜದ ಜೊತೆ ಸೇರಿಹೋಗಿರಬೇಕು. ಅಥವಾ ಅದು ಬೇರೆಯದೇ ಬೀಜ ಇರಬಹುದು. ಏನೇ ಆಗಲಿ, ನಾನು ಕಿತ್ತದ್ದು ವಾಪಸ್ ಬರಲಿಲ್ಲ. ಬಂದದ್ದು ಅದರ ನೆಂಟ. ಸಾರಿಗೆ ಸೊಗಡು ಇತ್ತು. ಅಜ್ಜಿ ಎರಡು ಸಲ ಹಾಕಿಸ್ಕೊಂಡ್ರು.

ಈಗ ನಮ್ಮ ಹಿತ್ತಲಲ್ಲಿ ಎರಡೂ ಇದೆ. ಫೆಬ್ರವರಿಗೆ ಹೆಬ್ಬಾಳ ಅವರೆ, ಆಗಸ್ಟ್‌ಗೆ ನಾಟಿ. ಅವರೆಯಲ್ಲಿ ಬಹುಪಾಲು ತನ್ನ ಹೂವಿನ ಪರಾಗ ತನಗೇ, ಆದ್ರೂ ದುಂಬಿಗಳು ಬರ್ತವೆ. ಎರಡೂ ಹೂ ಬಿಡೋ ಕಾಲ ಬೇರೆ ಇರೋದರಿಂದ ಬೆರಕೆಯ ಭಯ ಇಲ್ಲ. ನಡುವಿನ ಸಾಲಿನ, ರೋಗ ಇಲ್ಲದ, ಸೊಗಡು ಜಾಸ್ತಿ ಇರೋ ಗಿಡಗಳಿಗೆ ಅಜ್ಜಿ ಕೆಂಪು ದಾರ ಕಟ್ಟುತ್ತಾರೆ. ಆ ಕಾಯಿ ಯಾರೂ ಮುಟ್ಟೋ ಹಾಗಿಲ್ಲ. ಗಿಡದಲ್ಲೇ ಒಣಗಬೇಕು. ಆಮೇಲೆ ಚೆನ್ನಾಗಿ ಬಿಸಿಲಿಗೆ ಹಾಕಿ, ಸ್ವಲ್ಪ ಹರಳೆಣ್ಣೆ ಸವರಿ, ಬೂದಿ ಬೆರೆಸಿ ಡಬ್ಬಕ್ಕೆ. ನಾನು ಅದಕ್ಕೆ ಒಂದು ಕೆಲಸ ಸೇರಿಸಿದ್ದೀನಿ, ಡಬ್ಬದ ಮೇಲೆ ಚೀಟಿ. ಯಾವ ವರ್ಷದ್ದು, ಯಾರು ಕೊಟ್ಟದ್ದು, ಯಾವ ತಿಂಗಳು ಬಿತ್ತಬೇಕು. ಬುಕಾನನ್ ಕಂಪನಿಗೋಸ್ಕರ ಬರೆದ. ನಾನು ಮುಂದೆ ಅಟ್ಟ ಹತ್ತೋ ಇನ್ನೊಬ್ಬ ಬಿ.ಕಾಂ. ಹುಡುಗನಿಗೋಸ್ಕರ ಬರೆದಿದ್ದೀನಿ.

ಚೀಟಿಯ ಕೊನೇ ಸಾಲು: ‘ಜುಲೈನಲ್ಲಿ ಹೂವಿಲ್ಲ ಅಂತ ಕೀಳಬೇಡ.’

ನಿಮಗೊಂದು ಕೆಲಸ. ಈ ವಾರ ಮನೆಗೆ ಫೋನ್ ಮಾಡಿದಾಗ ಅಜ್ಜಿನೋ, ಅಮ್ಮನೋ, ದೊಡ್ಡಮ್ಮನೋ ಸಿಕ್ರೆ ಕೇಳಿ: ಮನೇಲಿ ಬಿತ್ತನೆ ಬೀಜ ಏನಾದ್ರೂ ಉಳಿದಿದೆಯಾ, ಅದನ್ನ ಯಾವಾಗ ಬಿತ್ತಬೇಕು? ಉತ್ತರ ರೆಕಾರ್ಡ್ ಮಾಡಿಟ್ಕೊಳ್ಳಿ. ಇಷ್ಟವಾದ್ರೆ ನನಗೂ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.